ಕ್ರೂಸ್ ಟಿಕೆಟ್ ಇಷ್ಟು ಅಗ್ಗ ಯಾಕೆ? ಅಮ್ಮನ ಜೊತೆ ಮೆಡಿಟರೇನಿಯನ್ ಪ್ರವಾಸಕ್ಕೆ ಲೆಕ್ಕ ಹಾಕುವಾಗ ಕಲಿತದ್ದು

ಅಮ್ಮನಿಗೆ ಈಗ ಅರವತ್ತಾರು. ಎರಡೂ ಮಂಡಿ ನೋವು. "ಮಲ್ಪೆಯಲ್ಲಿ ನಿಂತು ಕಡಲು ನೋಡಿದ್ದು ಸಾಕು, ಒಮ್ಮೆ ಕಡಲಲ್ಲಿ ನಿಂತು ಊರು ನೋಡ್ಬೇಕು" ಅಂತ ಕಳೆದ ದೀಪಾವಳಿಗೆ ಹೇಳಿದರು. ಅವರು ಹಾಗೆಲ್ಲ ಏನನ್ನೂ ಕೇಳುವವರಲ್ಲ. ಅವತ್ತು ರಾತ್ರಿಯೇ ಫೋನ್ ಹಿಡಿದು ಕೂತೆ. ಬಾರ್ಸಿಲೋನದಲ್ಲಿ ಹತ್ತಿ, ಮಾರ್ಸೇ, ಜಿನೋವಾ, ರೋಮ್, ಪಲೆರ್ಮೊ, ಪಾಲ್ಮಾ ನೋಡಿ ವಾಪಸ್ ಬಾರ್ಸಿಲೋನ. ಏಳು ರಾತ್ರಿ, ಕಿಟಕಿ ಇಲ್ಲದ ಕೋಣೆ, ಮೂರು ಹೊತ್ತು ಊಟ ಸೇರಿ ಒಬ್ಬರಿಗೆ ಅರವತ್ತು ಸಾವಿರ ರೂಪಾಯಿ ಆಸುಪಾಸು. ವಿಮಾನದ ಖರ್ಚು ಬೇರೆ.

ನನಗೆ ಖುಷಿಗಿಂತ ಮೊದಲು ಅನುಮಾನ ಬಂತು. ಬಾರ್ಸಿಲೋನದಲ್ಲಿ ಸಾಧಾರಣ ಹೋಟೆಲ್ ಕೋಣೆಯೊಂದಕ್ಕೇ ರಾತ್ರಿಗೆ ಒಂಬತ್ತು ಹತ್ತು ಸಾವಿರ ಕೇಳ್ತಾರೆ. ಇಲ್ಲಿ ಕೋಣೆ, ಊಟ, ಒಂದು ಊರಿಂದ ಇನ್ನೊಂದು ಊರಿಗೆ ಪ್ರಯಾಣ, ರಾತ್ರಿ ನಾಟಕ, ಈಜುಕೊಳ ಎಲ್ಲ ಸೇರಿ ಅದಕ್ಕಿಂತ ಕಡಿಮೆ. ಉಳಿದ ಹಣವನ್ನು ಯಾರೋ ಕೊಡ್ತಿರಬೇಕಲ್ಲ? ಯಾರು?

ಉತ್ತರ ನಮ್ಮ ಮನೆಯಲ್ಲೇ ಇತ್ತು. ದೊಡ್ಡಪ್ಪನ ಮಗ, ನಾನು ಅಣ್ಣ ಅಂತಲೇ ಕರೆಯೋದು, ಒಂಬತ್ತು ವರ್ಷದಿಂದ ಕ್ರೂಸ್ ಹಡಗುಗಳಲ್ಲಿ ವೇಟರ್. ಎಂಟು ತಿಂಗಳು ಕಡಲಲ್ಲಿ, ಎರಡು ತಿಂಗಳು ಉಡುಪಿಯಲ್ಲಿ. ಕಂಪನಿಯ ಹೆಸರು ಬರೆಯಬಾರದು ಅನ್ನುವ ಷರತ್ತಿನ ಮೇಲೆ ಮಾತಾಡಿದ. ನಾನು ಬಾರ್ಸಿಲೋನದ ಬಗ್ಗೆ ಕೇಳಿದ ಮೊದಲ ಪ್ರಶ್ನೆಗೇ ನಕ್ಕುಬಿಟ್ಟ. "ಮೂವತ್ತು ಸಲವಾದರೂ ಹೋಗಿದ್ದೇನೆ ಮಾರಾಯ್ತಿ. ಆ ದೊಡ್ಡ ಚರ್ಚು ಉಂಟಲ್ಲ, ಸಗ್ರಾದ ಫಾಮೀಲಿಯಾ, ಅದನ್ನು ನಾನು ನೋಡಿದ್ದು ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್‌ನಲ್ಲಿ ಮಾತ್ರ." ಬಂದರಿನಲ್ಲಿ ಅವನಿಗೆ ಸಿಗುವುದು ಎರಡು ಮೂರು ಗಂಟೆ. ಅದು ವೈಫೈ ಇರುವಲ್ಲಿ ಕೂತು ಹೆಂಡತಿ ಮಗುವಿಗೆ ವಿಡಿಯೋ ಕಾಲ್ ಮಾಡುವುದಕ್ಕೆ ಸರಿಹೋಗುತ್ತದೆ.

ಬಾವುಟ ಯಾವ ದೇಶದ್ದು ನೋಡಿ

ಹಡಗಿನ ಹಿಂಭಾಗದಲ್ಲಿ ಹಾರುವ ಬಾವುಟವನ್ನು ಪ್ರವಾಸಿಗಳು ಯಾರೂ ಗಮನಿಸುವುದಿಲ್ಲ. ನಮ್ಮ ಟಿಕೆಟ್ ಅಗ್ಗವಾಗುವುದು ಶುರುವಾಗುವುದೇ ಅಲ್ಲಿಂದ. ಅಂತಾರಾಷ್ಟ್ರೀಯ ಕಾನೂನಿನ ಪ್ರಕಾರ ಹಡಗಿನ ಮೇಲೆ ಅದು ನೋಂದಣಿಯಾದ ದೇಶದ ಕಾನೂನು ನಡೆಯುತ್ತದೆ. ಮಾಲೀಕ ಎಲ್ಲಿಯವನು, ಹಡಗು ಎಲ್ಲಿ ಓಡಾಡುತ್ತದೆ, ಒಳಗೆ ದುಡಿಯುವವರು ಯಾರು ಅನ್ನುವುದು ಆಮೇಲಿನ ಮಾತು. ರಾಯಲ್ ಕೆರಿಬಿಯನ್‌ನ ಪ್ರಧಾನ ಕಚೇರಿ ಅಮೆರಿಕದ ಮಯಾಮಿಯಲ್ಲಿದೆ, ಕಂಪನಿ ನೋಂದಣಿಯಾಗಿರುವುದು ಲೈಬೀರಿಯಾದಲ್ಲಿ, ಹೆಚ್ಚಿನ ಹಡಗುಗಳ ಮೇಲೆ ಹಾರುವುದು ಬಹಾಮಾಸ್ ಬಾವುಟ. ಎಂಎಸ್‌ಸಿಯ ಪ್ರಧಾನ ಕಚೇರಿ ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ, ಅದರ ಬಹಳಷ್ಟು ಹಡಗುಗಳಿಗೆ ಮಾಲ್ಟಾದ ಬಾವುಟ. ಇದೆಲ್ಲ ಕಾನೂನುಬದ್ಧವೇ. ಕಳ್ಳತನವಲ್ಲ. ತೆರಿಗೆಯೂ ಕಾರ್ಮಿಕ ಕಾನೂನೂ ಎಲ್ಲಿ ಹಗುರವೋ ಅಲ್ಲಿ ಹೆಸರು ಬರೆಸಿಕೊಳ್ಳುವ ಪದ್ಧತಿ, ಅಷ್ಟೇ.

ಹಾಗಾದರೆ ಸಿಬ್ಬಂದಿಗೆ ಯಾವ ರಕ್ಷಣೆಯೂ ಇಲ್ಲವೇ? ಇದೆ. 2006ರ ಸಾಗರ ಕಾರ್ಮಿಕ ಒಪ್ಪಂದ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮತ್ತೊಮ್ಮೆ ಓದಿ. ಇದು ಕಾರ್ಮಿಕರನ್ನು ರಕ್ಷಿಸುವ ಮಿತಿ! ನಮ್ಮ ಐಟಿ ಕಂಪನಿಯ ಹಿರಿಯರೊಬ್ಬರು ವಾರಕ್ಕೆ 70 ಗಂಟೆ ದುಡಿಯಿರಿ ಅಂದಾಗ ನಾವೆಲ್ಲ ಬೀದಿರಂಪ ಮಾಡಿದೆವು. ಅಣ್ಣ ಹೇಳುವುದು, "ನಮಗೆ ಅದು ಸಾಧಾರಣ ವಾರ. ವಾರದ ರಜೆ ಅಂತ ಒಂದು ಇಲ್ಲ. ಕಾಂಟ್ರಾಕ್ಟ್ ಮುಗಿದ ಮೇಲೆ ಮನೆಗೆ ಬಂದು ಮೊದಲ ನಾಲ್ಕು ದಿನ ನಿದ್ದೆ ಮಾತ್ರ."

ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿದೆ. ಕರಾವಳಿಯ ಹುಡುಗ ಹುಡುಗಿಯರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಹಡಗಿನ ಕೆಲಸ ಕೊಡಿಸಲು ಏಜೆಂಟರು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ನಾವಿಕರ ಪುಸ್ತಕ, ಇವಿಷ್ಟರ ಖರ್ಚು ಮಾತ್ರ ನಮ್ಮದು. ವೀಸಾ ಖರ್ಚು ಹಡಗಿನ ಮಾಲೀಕನದ್ದು. ಭಾರತದಲ್ಲಿ ಈ ಕೆಲಸಕ್ಕೆ ಜನ ಸೇರಿಸುವ ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು. ಪರವಾನಗಿ ಪಡೆದವರ ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅಣ್ಣನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಮೊದಲ ಸಲ ಹೋಗುವಾಗ ದೊಡ್ಡಮ್ಮನ ಎರಡು ಬಳೆ ಅಡವಿಟ್ಟು ಏಜೆಂಟನಿಗೆ ಕೊಟ್ಟಿದ್ದ. ಅದನ್ನು ಬಿಡಿಸಿಕೊಳ್ಳಲು ಮೊದಲ ಕಾಂಟ್ರಾಕ್ಟಿನ ಅರ್ಧ ದುಡಿಮೆ ಹೋಯಿತು.

ವೈನ್ ಲೆಕ್ಕ

ಟಿಕೆಟ್ ಅಗ್ಗವಾಗುವ ಎರಡನೇ ಕಾರಣ, ಹಡಗು ಹತ್ತಿದ ಮೇಲೆ ನಾವು ಮಾಡುವ ಖರ್ಚು. ದೊಡ್ಡ ಕ್ರೂಸ್ ಕಂಪನಿಗಳ ವಾರ್ಷಿಕ ವರದಿ ತೆಗೆದು ನೋಡಿದರೆ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಬರುವುದು ಟಿಕೆಟ್‌ನಿಂದಲ್ಲ. ಕುಡಿತ, ಕ್ಯಾಸಿನೋ, ಸ್ಪಾ, ವೈಫೈ, ಬಂದರಿನ ಪ್ರವಾಸ ಇವುಗಳಿಂದ. ಅದಕ್ಕೇ ಟಿಕೆಟ್ ಬುಕ್ ಮಾಡಿದ ಗಳಿಗೆಯಿಂದ "ಡ್ರಿಂಕ್ಸ್ ಪ್ಯಾಕೇಜ್" ಮೇಲ್‌ಗಳು ಶುರುವಾಗುತ್ತವೆ.

ನಾನು ವೈನ್ ಕುಡಿಯುತ್ತೇನೆ. ಅಮ್ಮ ಕುಡಿಯುವುದಿಲ್ಲ. ಆದರೆ ಬಹಳಷ್ಟು ಕಂಪನಿಗಳಲ್ಲಿ ಒಂದೇ ಕೋಣೆಯಲ್ಲಿರುವ ವಯಸ್ಕರಲ್ಲಿ ಒಬ್ಬರು ಪ್ಯಾಕೇಜ್ ತಗೊಂಡರೆ ಇನ್ನೊಬ್ಬರೂ ತಗೊಳ್ಳಲೇಬೇಕು. ಅಮ್ಮನ ನಿಂಬೆ ಶರಬತ್ತಿಗೆ ದಿನಕ್ಕೆ ಸಾವಿರಾರು ರೂಪಾಯಿ! ಪ್ಯಾಕೇಜ್ ಬಿಟ್ಟೆ. ಬೇಕಾದ ದಿನ ಒಂದು ಗ್ಲಾಸ್ ಕೊಂಡರಾಯಿತು. ಹೊರಗೆ ಕೊಂಡ ಬಾಟಲಿಯನ್ನು ಹಡಗಿನೊಳಗೆ ಕುಡಿಯಬಹುದು ಅಂತ ನಂಬಿಕೊಳ್ಳಬೇಡಿ. ಸಾಮಾನ್ಯವಾಗಿ ಬಂದರಿನಲ್ಲಿ ಕೊಂಡ ಬಾಟಲಿಯನ್ನು ಗೇಟಿನಲ್ಲೇ ತೆಗೆದಿಟ್ಟು ಕೊನೆಯ ದಿನ ಕೈಗೆ ಕೊಡುತ್ತಾರೆ.

ಹಾಗಾಗಿ ವೈನ್ ಹಡಗಿನಲ್ಲಲ್ಲ, ನೆಲದ ಮೇಲೆ ಅಂತ ತೀರ್ಮಾನಿಸಿದೆ. ಹಡಗು ಹತ್ತುವ ಮೊದಲು ಬಾರ್ಸಿಲೋನದಲ್ಲಿ ಎರಡು ದಿನ ಉಳಿಯುತ್ತೇವೆ. ಅಲ್ಲಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ ಸಾನ್ ಸದುರ್ನಿ. ಪೆನೆದೆಸ್ ಸೀಮೆಯ ಸಣ್ಣ ಊರು, ನೊರೆಯುಕ್ಕುವ ಕಾವಾ ವೈನ್‌ನ ತವರು. ಶಾಂಪೇನ್ ಮಾಡುವ ಹಾಗೆಯೇ ಇಲ್ಲೂ ಬಾಟಲಿಯೊಳಗೇ ಎರಡನೇ ಸಲ ಹುಳಿ ಬರಿಸುತ್ತಾರೆ. ದ್ರಾಕ್ಷಿ ಮಾತ್ರ ಅಲ್ಲಿನದೇ ತಳಿ: ಮಕಬೇಯೊ, ಶರೆಲ್ಲೊ, ಪರೆಯಾದ. ನೆಲಮಾಳಿಗೆಗಳನ್ನು ತೋರಿಸಿ ಒಂದೆರಡು ಗ್ಲಾಸ್ ರುಚಿ ನೋಡಲು ಕೊಡುವ ಮನೆಗಳು ಅಲ್ಲಿ ಬೇಕಾದಷ್ಟಿವೆ. ಮೊದಲೇ ಹೇಳಿಟ್ಟಿರಬೇಕು.

ಈ ಊರು ಹುಡುಕುವಾಗ ಇನ್ನೊಂದು ಸುದ್ದಿ ಸಿಕ್ಕಿತು. ಕಟಲೋನಿಯಾದಲ್ಲಿ ಮೂರು ವರ್ಷ ಸತತ ಬರ. 2024ರ ಫೆಬ್ರವರಿಯಲ್ಲಿ ಬಾರ್ಸಿಲೋನ ಸೇರಿದಂತೆ ಬಹುಭಾಗದಲ್ಲಿ ತುರ್ತು ಸ್ಥಿತಿ ಘೋಷಣೆಯಾಗಿ ಒಬ್ಬರಿಗೆ ದಿನಕ್ಕೆ 200 ಲೀಟರ್ ನೀರಿನ ಮಿತಿ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಫ್ರೆಶೆನೆತ್ ಎಂಬ ದೊಡ್ಡ ಕಾವಾ ಕಂಪನಿ ದ್ರಾಕ್ಷಿ ಸಾಲದೆ 600ಕ್ಕೂ ಹೆಚ್ಚು ಕಾರ್ಮಿಕರನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸಲು ಮುಂದಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದು ಕೂತಿದ್ದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಜುಲೈನಲ್ಲೇ ಬಾರ್ಸಿಲೋನದ ಜನ ಬೀದಿಗಿಳಿದು ಪ್ರವಾಸಿಗಳ ಮೇಲೆ ಆಟದ ನೀರಿನ ಪಿಸ್ತೂಲು ಹಾರಿಸಿದರು. ನಮ್ಮಲ್ಲಿ ಅದು ತಮಾಷೆಯ ವಿಡಿಯೋ ಆಗಿ ಓಡಾಡಿತು. ಅವರ ಸಿಟ್ಟು ಮುಖ್ಯವಾಗಿ ಇದ್ದದ್ದು ಮನೆ ಬಾಡಿಗೆಯ ಬಗ್ಗೆ. ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಟ್ಟರೆ ಹೆಚ್ಚು ಲಾಭ ಅಂತ ಮನೆಗಳೆಲ್ಲ ಹಾಗೆ ಹೋದರೆ ಊರವರು ಎಲ್ಲಿರಬೇಕು?

ಬ್ರೋಷರ್‌ನಲ್ಲಿ "ರೋಮ್" ಅಂದರೆ ರೋಮ್ ಅಲ್ಲ

ಬಂದರುಗಳ ಹೆಸರಿನಲ್ಲಿ ಒಂದು ಮೋಜಿದೆ. ಬ್ರೋಷರ್‌ನಲ್ಲಿ ರೋಮ್ ಅಂತ ಬರೆದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್ ಸುಮಾರು 70-80 ಕಿಲೋಮೀಟರ್. ಫ್ಲಾರೆನ್ಸ್ ಅಂದರೆ ಲಿವೊರ್ನೊ, ಅದೂ ಅಷ್ಟೇ ದೂರ. ವೆನಿಸ್ ಕಥೆ ಇನ್ನೂ ದೊಡ್ಡದು. 2019ರ ಜೂನ್‌ನಲ್ಲಿ ದೊಡ್ಡ ಕ್ರೂಸ್ ಹಡಗೊಂದು ನಿಯಂತ್ರಣ ತಪ್ಪಿ ಕಟ್ಟೆಗೂ ಪ್ರವಾಸಿಗಳ ದೋಣಿಗೂ ಗುದ್ದಿತು. ಅದಕ್ಕೂ ಮೊದಲೇ ಊರಿನವರು ವರ್ಷಗಟ್ಟಲೆ ಹೋರಾಡುತ್ತಿದ್ದರು. ಕೊನೆಗೆ 2021ರ ಆಗಸ್ಟ್ 1ರಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ಊರ ನಡುವಿನ ಕಾಲುವೆಗೆ ಬರುವಂತಿಲ್ಲ ಅಂತಾಯಿತು. ಈಗ "ವೆನಿಸ್" ಅಂತ ಟಿಕೆಟ್ ಮಾರಿದರೂ ಹಡಗು ಮಾರ್ಗೆರಾದ ಕೈಗಾರಿಕಾ ಬಂದರಿನಲ್ಲೋ, ಎಷ್ಟೋ ದೂರದ ತ್ರಿಯೆಸ್ತೆ ಅಥವಾ ರವೆನ್ನಾದಲ್ಲೋ ನಿಲ್ಲಬಹುದು.

ಹಾಗಾಗಿ ಗಂಟೆಗಳನ್ನು ಕೂಡಿಸಿ ಕಳೆದು ನೋಡಲೇಬೇಕು. ಚಿವಿತಾವೆಕ್ಕಿಯಾದಲ್ಲಿ ನಮ್ಮ ಹಡಗು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೊರಡುತ್ತದೆ. ಕೇಳುವಾಗ ಹತ್ತು ಗಂಟೆ. ಇಳಿಯುವ ಸಾಲು ಅರ್ಧ ಗಂಟೆ, ಬಂದರಿನ ಗೇಟಿಗೆ ಬಸ್ಸು, ಅಲ್ಲಿಂದ ಸ್ಟೇಷನ್, ಆಮೇಲೆ ರೈಲಿನಲ್ಲಿ ಒಂದು ಗಂಟೆಗೂ ಮೇಲೆ. ರೋಮ್ ತಲುಪುವಾಗ ಹನ್ನೊಂದು. ಐದೂಕಾಲಿಗೆ ಹಡಗಿನಲ್ಲಿರಬೇಕಾದರೆ ಮೂರಕ್ಕೆ ರೋಮ್ ಬಿಡಬೇಕು. ಉಳಿದದ್ದು ನಾಲ್ಕೇ ಗಂಟೆ. ತಡವಾದರೆ ಹಡಗು ಕಾಯುವುದಿಲ್ಲ. ಕಂಪನಿಯದೇ ಪ್ರವಾಸದ ಬಸ್ಸು ತಡವಾದರೆ ಮಾತ್ರ ಸಾಮಾನ್ಯವಾಗಿ ಕಾಯುತ್ತಾರೆ. ಈ ಭಯವನ್ನೇ ಅವರು ಮಾರುವುದು. ನಾನು ನೋಡಿದಾಗ ಹಡಗಿನವರ ರೋಮ್ ಬಸ್ಸಿನ ದರ ರೈಲಿನ ಹೋಗಿಬರುವ ಟಿಕೆಟ್‌ನ ಐದಾರು ಪಟ್ಟು ಇತ್ತು.

ಅಮ್ಮನ ಮಂಡಿಗೆ ನಾಲ್ಕು ಗಂಟೆಯ ರೋಮ್ ಆಗದ ಮಾತು. ಅದರ ಬದಲು ತಾರ್ಕ್ವಿನಿಯಾಗೆ ಹೋಗೋಣ ಅಂದುಕೊಂಡಿದ್ದೇವೆ. ಬಂದರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ರೋಮನ್ನರಿಗಿಂತ ಮೊದಲಿದ್ದ ಎಟ್ರುಸ್ಕನ್ ಜನರ ಸಮಾಧಿಗಳಿವೆ. ನೆಲದಡಿ ಕೊರೆದ ಕೋಣೆಗಳ ಗೋಡೆ ತುಂಬ ಚಿತ್ರ: ಹಬ್ಬದೂಟ, ಕುಣಿತ, ಮೀನು ಹಿಡಿಯುವವರು, ಡಾಲ್ಫಿನ್. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮೆಟ್ಟಿಲು ಇಳಿಯಬೇಕು ಅನ್ನುವುದೊಂದೇ ಚಿಂತೆ. ಎಲ್ಲ ಸಮಾಧಿ ಇಳಿಯಬೇಕಾಗಿಲ್ಲ, ಒಂದೆರಡು ಸಾಕು.

ಮಾರ್ಸೇಯಲ್ಲಿ ಹಡಗು ಊರಿನ ಉತ್ತರಕ್ಕೆ, ಹಳೇ ಬಂದರಿನಿಂದ ಹಲವು ಕಿಲೋಮೀಟರ್ ದೂರ ನಿಲ್ಲುತ್ತದೆ. ಹೊಗೆ ಕುಡಿಯುವವರು ಆ ಉತ್ತರದ ಬಡಾವಣೆಗಳ ಬಡವರು. ಹಡಗು ಕಟ್ಟೆಗೆ ಕಟ್ಟಿ ನಿಂತರೂ ದೀಪ, ಎಸಿ, ಅಡುಗೆಮನೆಗಾಗಿ ಎಂಜಿನ್ ಓಡುತ್ತಲೇ ಇರುತ್ತದೆ, ದಡದಿಂದ ವಿದ್ಯುತ್ ಕೊಡದಿದ್ದರೆ. ಐರೋಪ್ಯ ಒಕ್ಕೂಟ 2030ರಿಂದ ದೊಡ್ಡ ಬಂದರುಗಳಲ್ಲಿ ದಡದ ವಿದ್ಯುತ್ ಕಡ್ಡಾಯ ಮಾಡಿದೆ. 2025ರ ಮೇ 1ರಿಂದ ಮೆಡಿಟರೇನಿಯನ್‌ನಲ್ಲಿ ಹಡಗಿನ ಇಂಧನದ ಗಂಧಕದ ಮಿತಿ ಶೇ. 0.5ರಿಂದ 0.1ಕ್ಕೆ ಇಳಿದಿದೆ. ಇವೆಲ್ಲ ತಾವಾಗಿ ಆದವಲ್ಲ. ಮಾರ್ಸೇಯಲ್ಲಿ ಜನ ಸಣ್ಣ ದೋಣಿ ಹತ್ತಿ ಹಡಗಿನ ದಾರಿಗೇ ಅಡ್ಡ ನಿಂತಿದ್ದಾರೆ. ಪಾಲ್ಮಾದಲ್ಲಿ 2022ರಿಂದ ದಿನಕ್ಕೆ ಮೂರೇ ಕ್ರೂಸ್ ಹಡಗು. ಬಾರ್ಸಿಲೋನದಲ್ಲಿ ಕ್ರೂಸ್ ಟರ್ಮಿನಲ್‌ಗಳನ್ನು ಏಳರಿಂದ ಐದಕ್ಕೆ ಇಳಿಸುವ ಒಪ್ಪಂದ 2025ರ ಜುಲೈನಲ್ಲಿ ಆಯಿತು. ಕಟಲೋನಿಯಾದಲ್ಲಿ 12 ಗಂಟೆಗಿಂತ ಕಡಿಮೆ ನಿಂತು ಹೋಗುವ ಕ್ರೂಸ್ ಪ್ರಯಾಣಿಕರಿಗೆ ತೆರಿಗೆ ಜಾಸ್ತಿ. ಕಾರಣ ಸರಳ. ಬೆಳಿಗ್ಗೆ ಹಡಗಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಇಳಿದು, ಬೀದಿ ತುಂಬಿ, ಫೋಟೋ ತೆಗೆದು, ರಾತ್ರಿ ಊಟಕ್ಕೆ ಹಡಗಿಗೇ ಓಡುವವರಿಂದ ಊರಿಗೆ ಸಿಗುವುದು ಅಷ್ಟಕ್ಕಷ್ಟೆ.

ಕಡಲೆ ಹಿಟ್ಟಿನ ದಾರಿ

ಆದ್ದರಿಂದ ಮಧ್ಯಾಹ್ನದ ಊಟ ಪ್ರತಿದಿನ ಹೊರಗೇ, ಹಡಗಿನಲ್ಲಿ ಪುಕ್ಕಟೆ ಸಿಕ್ಕರೂ. ಇಲ್ಲಿ ಸಮಸ್ಯೆ ಅಮ್ಮನದು. ಮೀನಿಲ್ಲದೆ ಊಟ ಸೇರದವರು, ಆದರೆ ಸೋಮವಾರ ಮುಟ್ಟುವುದಿಲ್ಲ. ಜಿನೋವಾ ಬರುವುದು ಸೋಮವಾರವೇ. ಹುಡುಕುತ್ತಾ ಹೋದಾಗ ಗೊತ್ತಾಯಿತು, ಈ ಇಡೀ ಕರಾವಳಿಯ ಬಡವರ ತಿಂಡಿ ನಮ್ಮ ಕಡಲೆ ಹಿಟ್ಟು! ಜಿನೋವಾದಲ್ಲಿ ಅದಕ್ಕೆ ಫರಿನಾತಾ ಅಂತಾರೆ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲವಾದ ತಾಮ್ರದ ತಟ್ಟೆಗೆ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸುವುದು. ಮಾರ್ಸೇಯಲ್ಲಿ ಅದೇ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಕತ್ತರಿಸಿ, ಕರಿದರೆ ಪನಿಸ್. ಪಲೆರ್ಮೊದಲ್ಲಿ ತೆಳ್ಳಗೆ ಹೋಳು ಮಾಡಿ ಕರಿದು ಎಳ್ಳು ಹಾಕಿದ ಬನ್ನಿನೊಳಗೆ ಇಟ್ಟರೆ ಪನೆಲ್ಲೆ. ಅಮ್ಮ ಕೇಳಿ, "ಬಜ್ಜಿಯೊಳಗೆ ತರಕಾರಿ ಹಾಕಲು ಮರ್ತಿದ್ದಾರೆ ಅಷ್ಟೆ" ಅಂದರು.

ಜಿನೋವಾದಲ್ಲೂ ಪಲೆರ್ಮೊದಲ್ಲೂ ಹಡಗು ಊರಿನ ಪಕ್ಕದಲ್ಲೇ ನಿಲ್ಲುತ್ತದೆ, ಇದು ದೊಡ್ಡ ಅನುಕೂಲ. ಜಿನೋವಾದ ಹಳೇ ಬಂದರಿನೆದುರು ಸೊತ್ತೊರಿಪಾ ಅನ್ನುವ ಕಮಾನುಗಳ ಸಾಲಿದೆ. ಅದರಡಿ ಮೀನು, ಕಡಲೆ ಹಿಟ್ಟು ಕರಿಯುವ ಹಳೇ ಅಂಗಡಿಗಳು. ಒಂದು ಕಾಲಕ್ಕೆ ಬಂದರಿನ ಹಮಾಲರು ತಿನ್ನುತ್ತಿದ್ದದ್ದು ಇಲ್ಲೇ. ಪಲೆರ್ಮೊದ ಬಲ್ಲರೊ ಮಾರುಕಟ್ಟೆಗೆ ಕಟ್ಟೆಯಿಂದ ಟ್ಯಾಕ್ಸಿ ಹಿಡಿದರೆ ಕೆಲವೇ ನಿಮಿಷ. ಅಲ್ಲಿ ಬುಧವಾರ, ಅಮ್ಮ ಸಾರ್ಡಿನ್ ತಿನ್ನಬಹುದು. ಬೂತಾಯಿಯ ಅಣ್ಣತಮ್ಮ ಅಂತ ಹೇಳಿಟ್ಟಿದ್ದೇನೆ.

ಈ ಊರುಗಳನ್ನೆಲ್ಲ ರಾತ್ರಿ ಹೊರಡುವ ಫೆರ್ರಿಗಳಲ್ಲೂ ನೋಡಬಹುದು. ಬಾರ್ಸಿಲೋನದಿಂದ ಜಿನೋವಾಕ್ಕೆ, ಜಿನೋವಾದಿಂದ ಪಲೆರ್ಮೊಗೆ ಊರಿನ ಜನ, ಲಾರಿ ಡ್ರೈವರ್‌ಗಳು ಓಡಾಡುವ ಹಡಗುಗಳಿವೆ. ನಾನೊಬ್ಬಳೇ ಆಗಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ನೀವು ಇಪ್ಪತ್ತೈದರ ಒಳಗಿನವರಾದರೆ ಕ್ರೂಸ್ ಮರೆತು ಅದನ್ನೇ ನೋಡಿ. ಅಮ್ಮನಿಗೆ ಪ್ರತಿ ಊರಲ್ಲೂ ಸೂಟ್‌ಕೇಸ್ ಎಳೆದು ಮೆಟ್ಟಿಲು ಹತ್ತಲು ಆಗುವುದಿಲ್ಲ. ಲಿಫ್ಟ್ ಇರುವ, ಒಮ್ಮೆ ಬಟ್ಟೆ ಜೋಡಿಸಿದರೆ ವಾರವಿಡೀ ಮುಟ್ಟಬೇಕಿಲ್ಲದ ಕೋಣೆ ಅವರಿಗೆ ಬೇಕು. ನನ್ನ ರಾಜಕೀಯಕ್ಕಾಗಿ ಅವರ ಮಂಡಿ ಸವೆಸಲಾರೆ.

ಟಿಪ್ಸ್ ಬಗ್ಗೆ ಅಣ್ಣನ ಬಳಿ ಜಗಳವಾಡಿದ್ದೆ. ದಿನಕ್ಕೆ ಇಷ್ಟು ಯೂರೋ ಸೇವಾ ಶುಲ್ಕ ಅಂತ ಬಿಲ್ಲಿಗೆ ತಾವೇ ಸೇರಿಸುತ್ತಾರೆ. ಕೆಲವು ಕಂಪನಿಗಳಲ್ಲಿ ಕೌಂಟರ್‌ಗೆ ಹೋಗಿ ತೆಗೆಸಬಹುದು. ಸಂಬಳ ಕೊಡುವುದು ಕಂಪನಿಯ ಕೆಲಸ, ಪ್ರತಿಭಟಿಸಿ ತೆಗೆಸಬೇಕು ಅಂದೆ. ಅವನಿಗೆ ಸಿಟ್ಟು ಬಂತು. "ನೀನು ಪ್ರತಿಭಟನೆ ಮಾಡಿದ್ದು ಕಂಪನಿಗೆ ಗೊತ್ತೂ ಆಗುದಿಲ್ಲ. ನನ್ನ ಪಾಲು ಕಡಿಮೆ ಆಗ್ತದೆ, ಅಷ್ಟೆ. ನಾನೆಂತ ಮಾಡುದು ನಿನ್ನ ಪ್ರತಿಭಟನೆಯನ್ನು? ಮಗುವಿನ ಫೀಸ್ ಕಟ್ಲಿಕ್ಕೆ ಆಗ್ತದಾ?" ತೆಗೆಸುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಈ ಲೆಕ್ಕಗಳು ದೂರದ ಯುರೋಪಿನವು ಮಾತ್ರ ಅಂದುಕೊಳ್ಳಬೇಡಿ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ "ಕ್ರೂಸ್ ಭಾರತ್ ಮಿಷನ್" ಶುರು ಮಾಡಿತು. ಐದು ವರ್ಷದಲ್ಲಿ ಕ್ರೂಸ್ ಪ್ರಯಾಣಿಕರ ಸಂಖ್ಯೆ ದುಪ್ಪಟ್ಟು ಮಾಡುವ ಗುರಿ. ಪಣಂಬೂರಿನ ನವಮಂಗಳೂರು ಬಂದರಿಗೆ ಆಗಲೇ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಚೆಂಡೆ, ಯಕ್ಷಗಾನ ವೇಷದ ಸ್ವಾಗತ, ಆಮೇಲೆ ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೇರುಬೀಜದ ಫ್ಯಾಕ್ಟರಿ. ಸಂಜೆಗೆ ಹಡಗು ಹೊರಡುತ್ತದೆ. ಪತ್ರಿಕೆಗಳಲ್ಲಿ ಎಷ್ಟು ಮಂದಿ ಬಂದರು ಅಂತ ಬರುತ್ತದೆ. ಹಡಗು ನಿಂತಿರುವಾಗ ಎಂಜಿನ್ ಓಡುತ್ತಿತ್ತೋ ದಡದ ವಿದ್ಯುತ್ ಇತ್ತೋ, ಬಸದಿಯ ಎದುರಿನ ಎಳನೀರಿನವನಿಗೆ ಎಷ್ಟು ವ್ಯಾಪಾರವಾಯಿತು, ಇಂಥ ಪ್ರಶ್ನೆಗಳನ್ನು ಈಗಲೇ ಕೇಳುವುದು ಸುಲಭ. ಬಾರ್ಸಿಲೋನ ಇದನ್ನು ಕೇಳಿದ್ದು ವರ್ಷಕ್ಕೆ 35 ಲಕ್ಷಕ್ಕೂ ಹೆಚ್ಚು ಕ್ರೂಸ್ ಪ್ರಯಾಣಿಕರು ಬರತೊಡಗಿದ ಮೇಲೆ, ಟರ್ಮಿನಲ್ ಒಡೆಯುವ ಹೊತ್ತಿಗೆ.

ನಮ್ಮ ಪ್ಲಾನ್ ಈಗ ಹೀಗಿದೆ: ಆಗಸ್ಟ್ ಬಿಟ್ಟು ಅಕ್ಟೋಬರ್, ಬಿಸಿಲೂ ಜನವೂ ಕಡಿಮೆ. ಷೆಂಗೆನ್ ವೀಸಾ ಹೆಚ್ಚು ದಿನ ಉಳಿಯುವ ದೇಶದಿಂದ ತೆಗೆಯಬೇಕು. ಬಾರ್ಸಿಲೋನದ ಎರಡು ದಿನ ಸೇರಿಸಿದ್ದರಿಂದ ಸ್ಪೇನ್ ಲೆಕ್ಕಕ್ಕೆ ಬಂತು. ಶುಲ್ಕ ಒಬ್ಬರಿಗೆ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ. ನಿಮ್ಮ ಹಡಗು ನಡುವೆ ಟ್ಯುನೀಶಿಯಾಕ್ಕೆ ಹೋಗುವಂತಿದ್ದರೆ ಮಲ್ಟಿಪಲ್ ಎಂಟ್ರಿ ಬೇಕು, ಇಲ್ಲವಾದರೆ ವಾಪಸ್ ಬರಲಾಗುವುದಿಲ್ಲ. ಅರ್ಜಿಯನ್ನು ಆರು ತಿಂಗಳ ಮೊದಲೇ ಹಾಕಬಹುದು, ತಡ ಮಾಡಬೇಡಿ.

ಅಮ್ಮನ ಚಿಂತೆ ಬೇರೆಯೇ. ಮಿಡಿ ಉಪ್ಪಿನಕಾಯಿ ತಗೊಂಡು ಹೋಗಬಹುದಾ ಅಂತ ಅಣ್ಣನಿಗೆ ಫೋನ್ ಮಾಡಿದರು. ಮನೆಯಲ್ಲಿ ಮಾಡಿದ್ದು ಬಿಡುವುದಿಲ್ಲ, ಗೇಟಲ್ಲೇ ತೆಗೆಸ್ತಾರೆ ಚಿಕ್ಕಮ್ಮಾ ಅಂದ. ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದ, "ಊಟಕ್ಕೆ ಕೂತಾಗ ವೇಟರ್ ಭಾರತದವನಾದರೆ ಮೆಲ್ಲ ಕೇಳಿ. ಕೆಳಗೆ ನಮ್ಮ ಮೆಸ್ಸಿನಲ್ಲಿ ಯಾರ ಹತ್ತಿರವಾದರೂ ಒಂದು ಬಾಟಲಿ ಇದ್ದೇ ಇರ್ತದೆ."